ಸ್ವಾತಿಯ ಪಕ್ಕದ ಮಬ್ಬು ಬೆಳಕು

2021ರ ಡಿಸೆಂಬರ್ 6ರ ನಸುಕು. ಅರಿಜೋನಾದ ಟೂಸಾನ್ ನಗರದ ಹೊರವಲಯದಲ್ಲಿ ಕಾರು ನಿಲ್ಲಿಸಿ, ದೀಪಗಳನ್ನು ಆರಿಸಿ, ದುರ್ಬೀನು ಹಿಡಿದು ನಿಂತಾಗ ಗಂಟೆ ನಾಲ್ಕೂವರೆ. ಮರುಭೂಮಿಯ ಚಳಿಗೆ ಬೆರಳುಗಳು ಮರಗಟ್ಟುತ್ತಿದ್ದವು. ಅಮಾವಾಸ್ಯೆ ಕಳೆದು ಎರಡೇ ದಿನವಾಗಿದ್ದುದರಿಂದ ಚಂದ್ರನ ಬೆಳಕಿನ ಅಡ್ಡಿ ಇರಲಿಲ್ಲ. ನಾನು ಹುಡುಕಿಕೊಂಡು ಬಂದದ್ದು ಲಿಯೊನಾರ್ಡ್ ಧೂಮಕೇತುವನ್ನು.

ಅದೇ ವರ್ಷದ ಜನವರಿ 3ರಂದು ಗ್ರೆಗರಿ ಲಿಯೊನಾರ್ಡ್ ಎಂಬ ಖಗೋಳವಿಜ್ಞಾನಿ ಇದನ್ನು ಪತ್ತೆಹಚ್ಚಿದ್ದು ನಮ್ಮೂರಿನ ಬೆಟ್ಟದ ಮೇಲಿರುವ ಮೌಂಟ್ ಲೆಮ್ಮನ್ ವೀಕ್ಷಣಾಲಯದಿಂದಲೇ. ಸುಮಾರು 35,000 ವರ್ಷಗಳಿಂದ ಸೂರ್ಯನತ್ತ ಸಾಗಿಬರುತ್ತಿದ್ದ ಆ ಹಿಮ, ಧೂಳಿನ ಮುದ್ದೆ ಡಿಸೆಂಬರ್ 12ರಂದು ಭೂಮಿಯಿಂದ ಸುಮಾರು ಮೂರೂವರೆ ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿತ್ತು. ಸೂರ್ಯನನ್ನು ಬಳಸಿದ ಮೇಲೆ ಸೌರವ್ಯೂಹದಿಂದಲೇ ಹೊರಬೀಳುವ ಹಾದಿ ಅದರದು. ಮತ್ತೆ ಬರುವ ಅತಿಥಿಯಲ್ಲ.

ಸಪ್ತರ್ಷಿಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಪೂರ್ವದಲ್ಲಿ ಕೇಸರಿ ಹೊಳಪಿನ ಸ್ವಾತಿ ನಕ್ಷತ್ರ ಸಿಗುತ್ತದೆ. ಅಲ್ಲಿಂದ, ಚಾಚಿದ ಕೈಯ ಮೂರು ಬೆರಳುಗಳ ಅಗಲದಷ್ಟು ದೂರದಲ್ಲಿ ಧೂಮಕೇತು ಇರಬೇಕಿತ್ತು. ದಿಟ್ಟಿಸಿ ನೋಡಿದೆ, ಏನೂ ಇಲ್ಲ. ಆಗ ವೈದ್ಯಕೀಯ ಕಾಲೇಜಿನ ಪಾಠ ನೆನಪಾಯಿತು. ಅಕ್ಷಿಪಟಲದ ನಟ್ಟನಡುವೆ ಇರುವುದು ಹಗಲಿನ ನೋಟಕ್ಕೂ ಬಣ್ಣಕ್ಕೂ ಬೇಕಾದ ಶಂಕುಕೋಶಗಳು. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಅದರ ಸುತ್ತ ಇವೆ. ಅವು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಹೀಗಾಗಿ ಮಸುಕಾದುದನ್ನು ಕಾಣಬೇಕಾದರೆ ನೇರ ನೋಡಬಾರದು, ತುಸು ಪಕ್ಕಕ್ಕೆ ನೋಡಬೇಕು.

ಕಾದೆ. ನೋಟವನ್ನು ಕೊಂಚ ಓರೆಯಾಗಿಸಿದೆ. ಕಂಡಿತು: ಕರಿಹಲಗೆಯ ಮೇಲೆ ಅರೆಬರೆ ಒರೆಸಿ ಬಿಟ್ಟ ಸೀಮೆಸುಣ್ಣದ ಗುರುತಿನಂಥ ಬೂದು ಮಚ್ಚೆ. ಛಾಯಾಚಿತ್ರಗಳಲ್ಲಿ ಅದು ಹಸಿರು. ದಂಡಕೋಶಗಳಿಗೆ ಬಣ್ಣ ತಿಳಿಯದು.

ಸೀಮೆಸುಣ್ಣ ಎಂದೊಡನೆ ನೆನಪಾದವರು ಅಪ್ಪ, ಚಳ್ಳಕೆರೆಯ ಹೈಸ್ಕೂಲ್ ಮೇಷ್ಟ್ರು. 1986ರ ಮಾರ್ಚ್‌ನಲ್ಲಿ, ನಾನು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಗ, ಒಂದು ನಸುಕಿನಲ್ಲಿ ನನ್ನನ್ನು ಎಬ್ಬಿಸಿ ಊರಾಚೆಯ ಹೊಲದ ಬದುವಿಗೆ ಕರೆದೊಯ್ದು ಆಗ್ನೇಯ ದಿಕ್ಕಿಗೆ ಬೆರಳು ಮಾಡಿ ಹ್ಯಾಲಿ ಧೂಮಕೇತುವನ್ನು ತೋರಿಸಿದ್ದರು. “ಕಾಣ್ತೇನೋ? ಇನ್ನು ಬರೋದು 2061ಕ್ಕೆ. ಆಗ ನಾನಿರಲ್ಲ, ನೀನು ನೋಡು” ಎಂದಿದ್ದರು. ನನಗೆ ಏನೂ ಕಂಡಿರಲಿಲ್ಲ. ಅವರ ಉತ್ಸಾಹಕ್ಕೆ ತಣ್ಣೀರೆರಚಲು ಮನಸ್ಸಾಗದೆ “ಕಾಣ್ತು” ಎಂದಿದ್ದೆ.

ಕಾರಿನೊಳಗೆ ಕುಳಿತು ಊರಿಗೆ ಕರೆ ಮಾಡಿದೆ. ಅಲ್ಲಿ ಸಂಜೆ ಐದೂವರೆ. ಕೋವಿಡ್‌ನಿಂದಾಗಿ ಎರಡು ವರ್ಷ ಊರಿನ ಮುಖ ನೋಡಿರಲಿಲ್ಲ. ಸ್ವಾತಿಯ ಪಕ್ಕದ ಮಚ್ಚೆಯ ವಿಷಯ ಹೇಳಿ, “ಅಪ್ಪಾ, ಅವತ್ತು ಹೊಲದಲ್ಲಿ ನನಗೇನೂ ಕಂಡಿರಲಿಲ್ಲ” ಎಂದೆ.

“ಗೊತ್ತಿತ್ತು ಕಣೋ. ನೀನು ನೋಡ್ತಿದ್ದ ದಿಕ್ಕೇ ಬೇರೆ” ಎಂದು ಅವರು ನಕ್ಕರು. ಓರೆನೋಟದ ಉಪಾಯವನ್ನೂ ವಿವರಿಸಿದೆ. ತುಸು ಹೊತ್ತು ಮೌನ. ಆಮೇಲೆ ಮೆಲ್ಲಗೆ ಹೇಳಿದರು: “ನಂದೂ ಈಗ ಹಾಗೇ ಆಗಿದೆ. ಪೇಪರ್‌ನಲ್ಲಿ ನೇರ ನೋಡಿದ ಅಕ್ಷರದ ಮೇಲೆ ಮಸಿ ಚೆಲ್ಲಿದ ಹಾಗೆ. ಪಕ್ಕದ್ದು ಕಾಣುತ್ತೆ. ಕಿಟಕಿ ಸರಳು ಸೊಟ್ಟಗೆ ಕಾಣುತ್ತೆ. ದೂರದಲ್ಲಿದ್ದೀಯ, ಯಾಕೆ ಗಾಬರಿ ಮಾಡೋದು ಅಂತ ಸುಮ್ಮನಿದ್ದೆ.”

ಪ್ರತಿ ಭಾನುವಾರ “ಕಣ್ಣು ಹೇಗಿದೆ?” ಎಂದು ಕೇಳುತ್ತಿದ್ದೆ, “ಚೆನ್ನಾಗಿದೆ” ಎನ್ನುತ್ತಿದ್ದರು. ವೈದ್ಯನಾಗಿ ನಾನು ಅಷ್ಟಕ್ಕೇ ತೃಪ್ತನಾಗಿದ್ದೆ. ಆ ವಾರವೇ ತಂಗಿ ಅವರನ್ನು ಬೆಂಗಳೂರಿಗೆ ಕರೆದೊಯ್ದು ತೋರಿಸಿದಳು. ಅಕ್ಷಿಪಟಲದ ನಡುಭಾಗ ವಯೋಸಹಜವಾಗಿ ಸವೆದಿತ್ತು. ಬಲಗಣ್ಣಿನಲ್ಲಿ ಕಾಲ ಮೀರಿತ್ತು. ಎಡಗಣ್ಣಿನ ದೃಷ್ಟಿಯನ್ನು ಚುಚ್ಚುಮದ್ದುಗಳು ಬಹುಮಟ್ಟಿಗೆ ಉಳಿಸಿದವು.

ಊರಿನಲ್ಲಿ ಹಿರಿಯರೊಡನೆ ಇರುವವರಲ್ಲಿ ನನ್ನದೊಂದು ವಿನಂತಿ. ಒಂದೊಂದೇ ಕಣ್ಣು ಮುಚ್ಚಿಕೊಂಡು ಕಿಟಕಿಯ ಸರಳುಗಳನ್ನು ನೋಡಲು ಅವರಿಗೆ ಹೇಳಿ. ಸರಳು ಬಾಗಿದಂತೆ ಕಂಡರೆ, ನಡುವೆ ಮಸಿ ಮುಸುಕಿದರೆ ತಡಮಾಡದೆ ನೇತ್ರತಜ್ಞರ ಬಳಿ ಕರೆದೊಯ್ಯಿರಿ. ವಿದೇಶಕ್ಕೆ ಹೊರಟಿರುವ ಕಿರಿಯರು “ಚೆನ್ನಾಗಿದ್ದೀರಾ?” ಎಂದಷ್ಟೇ ಕೇಳದೆ, “ಇವತ್ತು ಪೇಪರಿನಲ್ಲಿ ಏನು ಓದಿದಿರಿ?” ಎಂದು ಕೇಳುವುದನ್ನು ರೂಢಿಸಿಕೊಳ್ಳಲಿ.

ಲಿಯೊನಾರ್ಡ್ ಧೂಮಕೇತು 2022ರಲ್ಲಿ ಒಡೆದು ಚದುರಿಹೋಯಿತು. ಈಗ ವಿಡಿಯೊ ಕರೆಯಲ್ಲಿ ಅಪ್ಪ ನನ್ನ ಮುಖವನ್ನು ನೇರವಾಗಿ ನೋಡುವುದಿಲ್ಲ. ನನ್ನ ಕಿವಿಯ ಆಚೆಗೆಲ್ಲೋ ನೋಡುತ್ತಾರೆ. ಹಾಗೆ ನೋಡಿದಾಗಲೇ ಅವರಿಗೆ ನಾನು ಕಾಣುವುದು.