ಪಾಡರ್ ನೀಲದ ಹುಟ್ಟುಮಚ್ಚೆ

2015ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ಸೋದ್‌ಬೀಸ್ ಹರಾಜಿನಲ್ಲಿ ಉಂಗುರಕ್ಕೆ ಕೂರಿಸಿದ್ದ ಒಂದು ನೀಲ ಸುಮಾರು 67 ಲಕ್ಷ ಡಾಲರಿಗೆ ಹೋಯಿತು. ತೂಕ 27.68 ಕ್ಯಾರೆಟ್. ನಮ್ಮ ಚಿನಿವಾರರ ಲೆಕ್ಕದಲ್ಲಿ ಅರ್ಧ ತೊಲಕ್ಕೂ ತುಸು ಕಡಿಮೆ. ಹಿಂದಿನ ವರ್ಷ ಜಿನೀವಾದಲ್ಲಿ ಶ್ರೀಲಂಕಾದ ‘ಬ್ಲೂ ಬೆಲ್ ಆಫ್ ಏಷ್ಯಾ’ ಎಂಬ 392.52 ಕ್ಯಾರೆಟ್‌ನ ನೀಲ 1.73 ಕೋಟಿ ಡಾಲರಿಗೆ ಮಾರಾಟವಾಗಿತ್ತು. ಕ್ಯಾರೆಟ್ ಲೆಕ್ಕದಲ್ಲಿ ಭಾಗಿಸಿ ನೋಡಿ: ದೊಡ್ಡ ಕಲ್ಲಿಗೆ 44 ಸಾವಿರ ಡಾಲರ್, ಚಿಕ್ಕದಕ್ಕೆ 2.4 ಲಕ್ಷ. ಚಿಕ್ಕದು ಕಾಶ್ಮೀರದ್ದು.

ಕಾಶ್ಮೀರವೆಂದರೆ ಶ್ರೀನಗರದ ಕಣಿವೆಯಲ್ಲ. ಕಿಶ್ತವಾಡ ಜಿಲ್ಲೆಯ ಪಾಡರ್‌ನಲ್ಲಿ, ಸುಮ್‌ಚಾಮ್ ಎಂಬ ಹಳ್ಳಿಯ ಮೇಲೆ, ವರ್ಷದ ಬಹುಭಾಗ ಹಿಮ ಹೊದ್ದ ಎತ್ತರದ ಒಂದು ಮಡಿಲು. 1881ರ ಸುಮಾರಿಗೆ ಅಲ್ಲಿ ಗುಡ್ಡ ಕುಸಿದು ನೀಲಿ ಹರಳುಗಳು ಹೊರಬಿದ್ದವು. ಮೊದಮೊದಲು ವ್ಯಾಪಾರಿಗಳು ಅವನ್ನು ಉಪ್ಪಿಗೆ ಬದಲು ಕೊಟ್ಟರೆಂಬ ಕಥೆ ಇಂದಿಗೂ ಬಳಕೆಯಲ್ಲಿದೆ. ಬೆಲೆ ತಿಳಿದದ್ದೇ ತಡ, ಮಹಾರಾಜರ ಕಾವಲು ಬಂತು. 1887ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಟಿ. ಡಿ. ಲಾ ಟೂಷ್ ಅಲ್ಲಿಗೆ ಹೋಗುವ ಹೊತ್ತಿಗೆ ಹಳೆಯ ಗಣಿ ಹೆಚ್ಚುಕಡಿಮೆ ಬರಿದಾಗಿತ್ತು. ಇಂದು ಹರಾಜಿಗೆ ಬರುವ ಒಳ್ಳೆಯ ಕಾಶ್ಮೀರಿ ನೀಲಗಳಲ್ಲಿ ಹೆಚ್ಚಿನವು ಆ ಕೆಲವೇ ಬೇಸಿಗೆಗಳಲ್ಲಿ ಅಗೆದವು.

ನೀಲದ ಮೂಲದ್ರವ್ಯ ಕುರುಂದ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಇಂಗ್ಲಿಷಿನ ‘ಕೊರಂಡಮ್’ ಕೂಡ ದಕ್ಷಿಣ ಭಾರತದ ಈ ಪದದಿಂದಲೇ ಹೋದದ್ದು. ಸಾಣೆ ಹಿಡಿಯಲು ಬಳಸುವ ಒರಟು ಕುರುಂದ ನಮ್ಮ ಮೈಸೂರು ಸೀಮೆಯಲ್ಲೂ ಸಿಗುತ್ತದೆ. ಅಪ್ಪಟ ಕುರುಂದಕ್ಕೆ ಬಣ್ಣವಿಲ್ಲ. ಹರಳಿನಲ್ಲಿ ಅಲ್ಯೂಮಿನಿಯಂ ಇರಬೇಕಾದ ಕಡೆ ಒಂದು ಕಬ್ಬಿಣದ ಪರಮಾಣು, ಅದರ ಮಗ್ಗುಲಲ್ಲೇ ಒಂದು ಟೈಟಾನಿಯಂ ಬಂದು ಕೂತರೆ, ಬೆಳಕು ಬಿದ್ದಾಗ ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕೆ ಹಳದಿ, ಕೆಂಪು ಬೆಳಕು ಖರ್ಚಾಗಿ ನೀಲಿ ನಮ್ಮ ಕಣ್ಣಿಗೆ ಉಳಿಯುತ್ತದೆ. ಸುತ್ತ ಸಿಲಿಕಾ ಹೆಚ್ಚಿದ್ದರೆ ಅಲ್ಯೂಮಿನಿಯಂ ಅದರೊಡನೆ ಸೇರಿ ಫೆಲ್ಡ್‌ಸ್ಪಾರೋ ಅಭ್ರಕವೋ ಆಗಿಬಿಡುತ್ತದೆ. ಪಾಡರ್‌ನಲ್ಲಿ ಪೆಗ್ಮಟೈಟ್ ಶಿಲಾರಸ ಸಿಲಿಕಾ ಕಡಿಮೆಯಿದ್ದ ಬಂಡೆಗಳೊಳಗೆ ನುಗ್ಗಿತು. ಆ ಬಂಡೆಗಳು ಅದರ ಸಿಲಿಕಾ ಹೀರಿಕೊಂಡದ್ದರಿಂದ ಕುರುಂದಕ್ಕೆ ಎಡೆ ಸಿಕ್ಕಿತು.

ಆದರೆ ಕಾಶ್ಮೀರಿ ನೀಲವನ್ನು ಜನ ಬಯಸುವುದು ಬರೀ ನೀಲಿಗಲ್ಲ, ಅದರ ಮಖಮಲ್ಲಿನಂಥ ಮೃದುತನಕ್ಕೆ. ದೀಪದಡಿ ಹಿಡಿದರೆ ಬೆಳಕು ಚುಚ್ಚಿ ಹಾಯುವುದಿಲ್ಲ, ಒಳಗೆಲ್ಲ ಹರಡಿ ನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ಕಾರಣ ಕಾಣುತ್ತದೆ: ಮುಂಜಾವಿನ ಮಂಜಿನಂತೆ ಪದರ ಪದರವಾಗಿ ನಿಂತ ಅತಿಸಣ್ಣ ಕಣಗಳು ಬೆಳಕನ್ನು ಚದುರಿಸುತ್ತಿರುತ್ತವೆ. ಒಳಗೆ ಏನೂ ಕಾಣದ ಕಲ್ಲೇ ಶ್ರೇಷ್ಠ ಎಂದು ಕೇಳಿ ಬೆಳೆದ ನಮಗೆ ಇದು ವಿಚಿತ್ರವೆನಿಸಬಹುದು. ನನಗಂತೂ ಈ ಮಂಜೇ ಆ ಕಲ್ಲಿನ ಜೀವ.

ಮಾರುಕಟ್ಟೆಯ ಬಹುಪಾಲು ನೀಲಗಳನ್ನು ಬಣ್ಣ ಏರಿಸಲು, ಒಳಗಿನ ಮಸುಕು ಕಳೆಯಲು ಕುಲುಮೆಯಲ್ಲಿ ಕಾಯಿಸಿರುತ್ತಾರೆ. ಆ ಕಾವಿಗೆ ಕಲ್ಲಿನೊಳಗಿನ ಸೂಜಿಯಂಥ ಸೂಕ್ಷ್ಮ ಹರಳುಗಳು ಕರಗುತ್ತವೆ, ಒಳಗೆ ಸಿಕ್ಕಿಕೊಂಡ ಹರಳುಗಳ ಸುತ್ತ ಬಿರುಕು ಮೂಡುತ್ತದೆ. ಹಾಗಾಗಿ ಕಾಯಿಸದ ಕಲ್ಲು ತನ್ನ ಒಳಗಿನಿಂದಲೇ ಸಾಕ್ಷಿ ಹೇಳುತ್ತದೆ.

ನೀಲ ಎಲ್ಲರಿಗೂ ಆಗಿಬರುವುದಿಲ್ಲವೆಂದು ನಮ್ಮ ಹಿರಿಯರು ದಿಂಬಿನಡಿ ಇಟ್ಟು ಮಲಗಿ ಪರೀಕ್ಷಿಸುತ್ತಿದ್ದರು. ಹರಾಜಿನವರಿಗೆ ಬೇಕಾದ, ಕಲ್ಲು ಯಾವ ಊರಿನದೆಂದು ಹೇಳುವ ಪರೀಕ್ಷೆ ನಡೆಯುವುದು ಸ್ವಿಟ್ಜರ್ಲೆಂಡಿನ ಗ್ಯುಬೆಲಿನ್, ಎಸ್‌ಎಸ್‌ಇಎಫ್‌ನಂಥ ಪ್ರಯೋಗಾಲಯಗಳಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಯನ್ನು ಲೇಸರ್‌ನಿಂದ ತೋಡಿ, ಎದ್ದ ಆವಿಯಲ್ಲಿ ಕಬ್ಬಿಣ, ಟೈಟಾನಿಯಂ, ಗ್ಯಾಲಿಯಂಗಳ ಪ್ರಮಾಣ ಅಳೆಯುತ್ತಾರೆ. 1990ರ ದಶಕದಲ್ಲಿ ಮಡಗಾಸ್ಕರ್‌ನಲ್ಲಿ ಪಾಡರ್‌ನ ನೀಲವನ್ನೇ ಹೋಲುವ ಕಲ್ಲುಗಳು ಸಿಕ್ಕ ಮೇಲೆ ಈ ಕೆಲಸ ಬಹಳ ಕಷ್ಟವಾಯಿತು. ಆಗ ನೆರವಿಗೆ ಬಂದದ್ದು ನೀಲದ ಹೊಟ್ಟೆಯಲ್ಲಿ ಅಪರೂಪಕ್ಕೆ ಸಿಗುವ ಜಿರ್ಕಾನ್ ಎಂಬ ಹರಳು. ಅದರಲ್ಲಿನ ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗುತ್ತ ಹೋಗುವುದರಿಂದ ಎರಡರ ಪ್ರಮಾಣ ನೋಡಿ ವಯಸ್ಸು ಹೇಳಬಹುದು. ಮಡಗಾಸ್ಕರ್‌ನ ಜಿರ್ಕಾನ್‌ಗೆ 50 ಕೋಟಿ ವರ್ಷಗಳ ಆಸುಪಾಸು. ಪಾಡರ್‌ನದಕ್ಕೆ ಕೆಲವೇ ಕೋಟಿ, ಹಿಮಾಲಯ ಮೇಲೇಳುತ್ತಿದ್ದ ಕಾಲದ್ದು.