ವೃದ್ಧರ ಆರೈಕೆ ಕೇಂದ್ರದ ಅಂಗಳ: ಯಾರ ಶ್ರಮ, ಯಾರ ಹಣ?

ವಿದ್ಯಾರ್ಥಿ ವೇತನದ ಅರ್ಜಿಯ ಜೊತೆ ಈ ಬಾರಿ ಒಂದು ಪ್ರತ್ಯೇಕ ಹಾಳೆ ಇಟ್ಟಿದ್ದೇವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದಲ್ಲಿ ವೃದ್ಧರ ಆರೈಕೆ ಕೇಂದ್ರದ ಅಂಗಳವನ್ನು ಚೆಂದಗೊಳಿಸುವ ಶ್ರಮದಾನಕ್ಕೆ ಯುವಕ ಯುವತಿಯರು ಹೆಸರು ಕೊಡುವ ಹಾಳೆ ಅದು. ಹೆಸರು ಕೊಡದಿದ್ದರೆ ವೇತನ ತಪ್ಪುತ್ತದೆಯೇ ಎಂದು ಪೋಷಕರು ಕೇಳಬಹುದು. ತಾವು ಕೊಟ್ಟ ಝಕಾತ್ ಹೂವಿನ ಕುಂಡಕ್ಕೆ ಹೋಗುತ್ತದೆಯೇ ಎಂದು ದಾನಿಗಳು ಕೇಳಬಹುದು. ಎರಡೂ ಆಗುವುದಿಲ್ಲ.

ಝಕಾತ್ ಯಾರಿಗೆ ಸಲ್ಲಬೇಕು ಎಂಬುದನ್ನು ಕುರ್‌ಆನಿನ ತೌಬಾ ಅಧ್ಯಾಯದ 60ನೇ ವಚನ ಎಂಟು ವರ್ಗಗಳಾಗಿ ಹೇಳಿದೆ. ಅಂಗಳದ ಕಲ್ಲು, ಮಣ್ಣು ಆ ಎಂಟರಲ್ಲಿಲ್ಲ. ಆದ್ದರಿಂದ ಈ ಕೆಲಸ ನಡೆಯುವುದು ಸದಕದ ಹಣದಲ್ಲಿ, ಬೇರೆ ಲೆಕ್ಕದಲ್ಲಿ. ಸದಕಕ್ಕೆ ಧರ್ಮದ ಗಡಿಯೂ ಇಲ್ಲ. ಅಂಗಳದಲ್ಲಿ ಕೂರುವವರು ಬ್ಯಾರಿ ಮಾತಾಡುವವರೋ, ತುಳುವೋ, ಕೊಂಕಣಿಯೋ ಎಂದು ನೋಡಬೇಕಾಗಿಲ್ಲ. ಇನ್ನು ವೇತನ. ಅರ್ಹರಿಗೆ ಅದು ಅವರ ಹಕ್ಕು, ಕೂಲಿ ಅಲ್ಲ. ಬಡವರ ಮಕ್ಕಳು ಗುಂಡಿ ತೋಡಿ ಋಣ ತೀರಿಸಬೇಕು ಎಂಬ ಭಾವನೆ ಎಲ್ಲಿಯೂ ಬರಬಾರದು. ಅದಕ್ಕೇ ಆ ಹಾಳೆ ಆಯ್ಕೆ ಸಮಿತಿಯ ಕೈಗೆ ಹೋಗುವುದಿಲ್ಲ. ವೇತನ ಪಡೆಯದ ಮನೆಯ ಮಕ್ಕಳೂ, ಮುಖ್ಯವಾಗಿ ದಾನಿಗಳ ಮಕ್ಕಳು, ಹೆಸರು ಕೊಡಲಿ ಎಂಬುದು ನಮ್ಮ ಆಸೆ.

ಈಗ ಕೆಲಸದ ವಿಷಯ. ಚೆಂದಗೊಳಿಸುವುದು ಎಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಗೋಡೆಗೆ ಬಣ್ಣ. ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಹಿರಿಯರೊಬ್ಬರು ಅಂಗಳಕ್ಕೆ ಇಳಿಯದಿರುವುದು ಗೋಡೆ ಮಾಸಿದ್ದರಿಂದ ಅಲ್ಲ, ಬಿದ್ದೇನೆಂಬ ಹೆದರಿಕೆಯಿಂದ. ನಮ್ಮೂರಿನ ಮಳೆಗೆ ಕೆಂಪುಕಲ್ಲಿನ ಮೇಲೆ ಹಾವಸೆ ಕಟ್ಟುತ್ತದೆ. ವಯಸ್ಸಾದವರು ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ಓಡಾಡುವುದು ಕಷ್ಟ. ಹಾಗಾಗಿ ಹಾವಸೆ ತಿಕ್ಕುವುದೇ ಮೊದಲ ಕೆಲಸ. ಆಮೇಲೆ ಗಾಲಿಕುರ್ಚಿ ಹೋಗುವಷ್ಟು, ಅಂದರೆ ಕನಿಷ್ಠ 3 ಅಡಿ ಅಗಲದ, ಒರಟು ಮೇಲ್ಮೈಯ ದಾರಿ. ಮೆಟ್ಟಿಲಿದ್ದ ಕಡೆ ಇಳಿಜಾರು: 1 ಅಡಿ ಎತ್ತರಕ್ಕೆ 12 ಅಡಿ ಉದ್ದ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ. ಇದನ್ನು ಮೇಸ್ತ್ರಿಯೇ ಮಾಡಬೇಕು, ಮಕ್ಕಳು ಕಲ್ಲು ಸಾಗಿಸಿ ಕೊಡಬಹುದು. ಬೆಂಚು ಕೊಡಿಸುವ ದಾನಿಗಳಲ್ಲಿ ಒಂದು ವಿನಂತಿ: ಕೈ ಇರುವ ಬೆಂಚನ್ನೇ ಕೊಡಿಸಿ. ಊರಲು ಆಧಾರ ಇಲ್ಲದಿದ್ದರೆ ಕೂತವರಿಗೆ ಏಳಲಾಗುವುದಿಲ್ಲ.

ಗಿಡಗಳಿಗೆ ಸುಮಾರು 2 ಅಡಿ ಎತ್ತರದ ಕಟ್ಟೆ ಕಟ್ಟಿದರೆ ಬಗ್ಗದೆಯೇ ಮಣ್ಣು ಮುಟ್ಟಬಹುದು. ನೆಡಬೇಕಾದ್ದು ನರ್ಸರಿಯ ಹೊಸ ಹೆಸರಿನ ಗಿಡಗಳನ್ನಲ್ಲ. ಮಲ್ಲಿಗೆ, ದಾಸವಾಳ, ಸಾಂಬ್ರಾಣಿ, ತಿಮರೆ, ಬಸಳೆ. ಬಸಳೆ ಚಪ್ಪರ ಹೇಗೆ ಕಟ್ಟಬೇಕೆಂದು ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅವರೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಕಣಗಿಲೆ ಮಾತ್ರ ಬೇಡ. ಅದರ ಎಲೆ, ಹೂ ಎಲ್ಲವೂ ವಿಷ, ಮರೆವಿನ ಕಾಯಿಲೆ ಇದ್ದವರು ಬಾಯಿಗೆ ಹಾಕಿಕೊಳ್ಳುವ ಅಪಾಯ ಇದೆ. ಕುಂಡದ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಮಾಡಿಕೊಟ್ಟಂತೆ.

ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ಸದಕವೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಮ್ಮ ಮಕ್ಕಳು ಮದ್ರಸದಲ್ಲೇ ಕಲಿತಿದ್ದಾರೆ. ಆದರೆ ಗಿಡ ಉಳಿಯಬೇಕಲ್ಲ? ಜೂನ್‌ನಲ್ಲಿ ನೆಟ್ಟದ್ದನ್ನು ಮಳೆ ನೋಡಿಕೊಳ್ಳುತ್ತದೆ, ಕಷ್ಟ ಬರುವುದು ಜನವರಿಯಿಂದ ಮೇವರೆಗೆ. ಅದೇ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಆ ತರಗತಿಗಳ ಮಕ್ಕಳನ್ನು ಆಗ ಕರೆಯುವುದಿಲ್ಲ, ಪದವಿ ವಿದ್ಯಾರ್ಥಿಗಳು ಮತ್ತು ಹಳೆ ವಿದ್ಯಾರ್ಥಿಗಳು ಸರದಿಯಂತೆ ನೀರು ಹಾಕಬೇಕು. ಸರದಿಪಟ್ಟಿ ತುಂಬದಿದ್ದರೆ ಗಿಡ ನೆಡುವುದೇ ಬೇಡ ಎಂಬುದು ನಮ್ಮ ಅಭಿಪ್ರಾಯ.

18 ತುಂಬದವರಿಗೆ ಪೋಷಕರ ಸಹಿ ಕಡ್ಡಾಯ. ಹೆಣ್ಣುಮಕ್ಕಳ ತಂಡದ ಜೊತೆ ಮಹಿಳೆಯರೇ ಇರುತ್ತಾರೆ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಟ್ರಸ್ಟಿನದು. ಹಿರಿಯರ ಫೋಟೋ ತೆಗೆದು ಸ್ಟೇಟಸ್ ಹಾಕುವಂತಿಲ್ಲ. ಮನೆಯಲ್ಲಿ ಬಸಳೆ ದಂಟು, ಮಲ್ಲಿಗೆ ಗೆಲ್ಲು ಇದ್ದರೆ ಅರ್ಜಿ ಕೊಡಲು ಬರುವಾಗಲೇ ತನ್ನಿ, ಬೇರು ಬರಿಸಿ ಮಳೆಗೆ ನೆಡೋಣ.