ಪಿಂಗ್ ಬರುತ್ತೆ, ಲೈಸೆನ್ಸ್ ಬರಲ್ಲ

ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ ಲ್ಯಾಬ್ ಬಾಗಿಲಲ್ಲೇ ಅಟೆಂಡರ್ ಸುದ್ದಿ ಮುಟ್ಟಿಸಿದರು: "ಸರ್, ಸರ್ವರ್ ಹೋಯ್ತು. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ, ಊಹೂಂ." ಚಿಪ್ ವಿನ್ಯಾಸದ ತಂತ್ರಾಂಶ ತೆರೆದ ಅಷ್ಟೂ ಕಂಪ್ಯೂಟರ್‌ಗಳಲ್ಲಿ ಒಂದೇ ಸಾಲು: ಲೈಸೆನ್ಸ್ ಸರ್ವರ್ ಸಂಪರ್ಕ ಸಿಗುತ್ತಿಲ್ಲ. ಕಾರಿಡಾರಿನಲ್ಲಿ ರೆಕಾರ್ಡ್ ಬುಕ್ ಎದೆಗವಚಿಕೊಂಡ ಮಕ್ಕಳು. ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಪರೀಕ್ಷಕರು ಸ್ಟಾಫ್ ರೂಮಿನಲ್ಲಿ ಕಾಫಿ ಮುಗಿಸುತ್ತಿದ್ದರು.

ಸರ್ವರ್ ಎಲ್ಲಿಗೂ ಹೋಗಿರಲಿಲ್ಲ. ಲ್ಯಾಬ್‌ನಿಂದ ಪಿಂಗ್ ಮಾಡಿದರೆ ತಕ್ಷಣ ಉತ್ತರ ಬರುತ್ತಿತ್ತು. ಸರ್ವರ್ ಮುಂದೆಯೇ ಕೂತು, ಲೈಸೆನ್ಸ್ ಸೇವೆಯ ಸ್ಥಿತಿ ಹೇಳುವ ಎಲ್‌ಎಂಸ್ಟ್ಯಾಟ್ ಆದೇಶ ಕೊಟ್ಟರೆ ಎಲ್ಲವೂ 'ಅಪ್' ಎನ್ನುತ್ತಿತ್ತು. ನಾಲ್ಕು ಹೆಜ್ಜೆ ಈಚೆಯ ಲ್ಯಾಬ್‌ಗೆ ಮಾತ್ರ ಲೈಸೆನ್ಸ್ ಇಲ್ಲ.

ದುಬಾರಿ ತಂತ್ರಾಂಶಗಳನ್ನು ಒಂದೊಂದು ಕಂಪ್ಯೂಟರ್‌ಗೂ ಬಿಡಿಯಾಗಿ ಕೊಳ್ಳುವವರು ಕಡಿಮೆ. ಇಪ್ಪತ್ತೋ ಮೂವತ್ತೋ ಸೀಟು ಕೊಂಡು ಒಂದು ಸರ್ವರ್‌ನಲ್ಲಿಟ್ಟರೆ, ಬೇಕಾದವರು ಪಡೆದು, ಮುಗಿದ ಮೇಲೆ ಹಿಂತಿರುಗಿಸುತ್ತಾರೆ. ಈ ಕೊಡುವ-ಪಡೆಯುವ ಲೆಕ್ಕ ನೋಡಿಕೊಳ್ಳುವ ವ್ಯವಸ್ಥೆಗಳಲ್ಲಿ ಹಳೆಯದು ಫ್ಲೆಕ್ಸ್‌ಎಲ್‌ಎಂ. 1988ರಲ್ಲಿ ಹುಟ್ಟಿ, ಹಲವು ಕಂಪನಿಗಳ ಕೈ ದಾಟಿ, ಈಗ ಫ್ಲೆಕ್ಸ್‌ನೆಟ್ ಎಂಬ ಹೆಸರಿನಲ್ಲಿದೆ. ಮ್ಯಾಟ್‌ಲ್ಯಾಬ್, ಆನ್ಸಿಸ್, ಕೇಡೆನ್ಸ್ ಹೀಗೆ ಎಂಜಿನಿಯರುಗಳು ದಿನಾ ಹೆಸರು ಹೇಳುವ ಎಷ್ಟೋ ತಂತ್ರಾಂಶಗಳ ಬೆನ್ನ ಹಿಂದೆ ಇದೇ ಕೂತಿರುತ್ತದೆ.

ಇದರ ಒಳಗುಟ್ಟು ತಿಳಿಯಲು ಮದುವೆ ಛತ್ರ ನೆನೆಸಿಕೊಂಡರೆ ಸಾಕು. ಬಾಗಿಲಲ್ಲಿ ಪನ್ನೀರು ಚಿಮುಕಿಸಿ "ಊಟ ಮೇಲ್ಗಡೆ" ಎಂದು ಕೈ ತೋರಿಸುವವರು ಒಬ್ಬರು. ಎಲೆ ಹಾಕಿ ಬಡಿಸುವವರು ಇನ್ನೊಬ್ಬರು. ಲೈಸೆನ್ಸ್ ಸರ್ವರ್‌ನಲ್ಲೂ ಹಾಗೆ ಇಬ್ಬರು. ಎಲ್‌ಎಂಜಿಆರ್‌ಡಿ ಎಂಬ ಮೊದಲಿನವನು ಸಾಮಾನ್ಯವಾಗಿ 27000ರಿಂದ 27009ರೊಳಗಿನ ಒಂದು ಪೋರ್ಟ್‌ನಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತಾನೆ, ಅಷ್ಟೇ. ಲೈಸೆನ್ಸ್ ಕೊಡುವವನು ವೆಂಡರ್ ಡೀಮನ್. ಅವನದು ಬೇರೆ ಪೋರ್ಟ್. ಇಂಥದ್ದೇ ಪೋರ್ಟ್ ಎಂದು ನಾವು ಬರೆದಿಡದಿದ್ದರೆ, ಸರ್ವರ್ ಎದ್ದಾಗಲೆಲ್ಲ ಖಾಲಿ ಇರುವ ಯಾವುದಾದರೂ ಒಂದನ್ನು ಹಿಡಿದು ಕೂರುತ್ತಾನೆ. ಪಂಕ್ತಿ ಇವತ್ತು ಮಹಡಿಯಲ್ಲಿ, ನಾಳೆ ಹಿತ್ತಲಲ್ಲಿ.

ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಯುಪಿಎಸ್ ಬ್ಯಾಟರಿಗೆ ವಯಸ್ಸಾಗಿತ್ತು. ಸರ್ವರ್ ಆರಿ, ಮತ್ತೆ ಎದ್ದಿತ್ತು. ನಿನ್ನೆಯವರೆಗೆ ವೆಂಡರ್ ಡೀಮನ್ ಯಾವ ಪೋರ್ಟ್‌ನಲ್ಲಿದ್ದ ಎಂದು ಲಾಗ್ ಕಡತದಲ್ಲಿ ಹುಡುಕಿದರೆ, ಅದು ಇವತ್ತು ಬೆಳಿಗ್ಗೆಯಿಂದಷ್ಟೇ ಶುರುವಾಗಿತ್ತು. ಲಾಗ್‌ನ ಹೆಸರಿನ ಮುಂದೆ ಒಂದು ಪ್ಲಸ್ ಚಿಹ್ನೆ ಹಾಕದಿದ್ದರೆ ಪ್ರತಿ ಸಲ ಶುರುವಾದಾಗಲೂ ಹಳೆಯದನ್ನು ಅಳಿಸಿ ಬರೆಯುತ್ತದೆ. ಆಫ್ ಮಾಡಿ ಆನ್ ಮಾಡುವುದು ನಮ್ಮ ರಾಷ್ಟ್ರೀಯ ಚಿಕಿತ್ಸೆ. ಅದರಿಂದ ರೋಗ ವಾಸಿಯಾಗುವುದೂ ಉಂಟು, ರೋಗದ ಕುರುಹು ಅಳಿಸಿಹೋಗುವುದೂ ಉಂಟು.

ಕೊನೆಗೆ ಸುಳಿವು ಸಿಕ್ಕಿದ್ದು ಫೈರ್‌ವಾಲ್‌ನಲ್ಲಿ. ಎರಡು ವರ್ಷದ ಹಿಂದೆ ಯಾರೋ 27000ದ ಜೊತೆ ಆವತ್ತಿನ ವೆಂಡರ್ ಪೋರ್ಟನ್ನೂ ತೆರೆದಿಟ್ಟಿದ್ದರು. ಇವತ್ತಿನ ಲಾಗ್‌ನಲ್ಲಿದ್ದ ಸಂಖ್ಯೆ ಬೇರೆ. ಎರಡು ವರ್ಷ ಎಲ್ಲ ಸರಿಯಾಗಿ ನಡೆದದ್ದು ಸೆಟ್ಟಿಂಗ್ ಸರಿ ಇತ್ತೆಂದಲ್ಲ, ಸರ್ವರನ್ನು ಯಾರೂ ಆರಿಸಿರಲಿಲ್ಲ ಎಂದು. ಲೈಸೆನ್ಸ್ ಕಡತದ ವೆಂಡರ್ ಸಾಲಿನ ಕೊನೆಗೆ 'ಪೋರ್ಟ್=27010' ಎಂದು ಸೇರಿಸಿ, ಅದನ್ನೇ ಫೈರ್‌ವಾಲ್‌ನಲ್ಲಿ ತೆರೆದು, ಲೈಸೆನ್ಸ್ ಸೇವೆಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿದೆ. ಕಡತವನ್ನು ಮರುಓದು ಎಂದಷ್ಟೇ ಹೇಳಿದರೆ ಪೋರ್ಟ್ ಬದಲಾಗುವುದಿಲ್ಲ.

ಇದೇ ಇಬ್ಬರ ನಡುವಿನ ಇನ್ನೊಂದು ಎಡವಟ್ಟು 2020ರ ಲಾಕ್‌ಡೌನ್‌ನಲ್ಲಿ ಬಹಳ ಜನರನ್ನು ಕಾಡಿತು. ಬೆಂಗಳೂರಿನ ಚಿಪ್ ಕಂಪನಿಗಳ ಹುಡುಗರು ಊರಿಗೆ ಹೋಗಿ, ಅಟ್ಟದ ಕೋಣೆಯಲ್ಲಿ ಕೂತು ವಿಪಿಎನ್ ಹಾಕಿದರು. ಐಪಿ ವಿಳಾಸ ಕೊಟ್ಟರೆ ಬಾಗಿಲಿನವನು ಸಿಗುತ್ತಾನೆ. ಅವನು ಮುಂದಕ್ಕೆ ಕಳಿಸುವಾಗ ಮಾತ್ರ ಐಪಿ ಹೇಳುವುದಿಲ್ಲ, ಲೈಸೆನ್ಸ್ ಕಡತದಲ್ಲಿರುವ ಸರ್ವರ್ ಹೆಸರು ಹೇಳುತ್ತಾನೆ. ಆಫೀಸಿನೊಳಗೆ ಎಲ್ಲರಿಗೂ ಗೊತ್ತಿರುವ ಆ ಮೊಟಕು ಹೆಸರು ಮನೆಯ ಲ್ಯಾಪ್‌ಟಾಪ್‌ಗೆ ಗೊತ್ತಿಲ್ಲ. ಹೋಸ್ಟ್ಸ್ ಕಡತದಲ್ಲಿ ಹೆಸರು, ವಿಳಾಸ ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಮುಗಿಯಿತು. ಅದು ತಿಳಿಯದೆ ತಂತ್ರಾಂಶವನ್ನೇ ಕಿತ್ತು ಮೂರು ಸಲ ಇನ್‌ಸ್ಟಾಲ್ ಮಾಡಿದವರನ್ನು ಬಲ್ಲೆ.

ದೋಷದ ಸಾಲಿನ ಮೊದಲ ಸಂಖ್ಯೆಯನ್ನಾದರೂ ಓದಬೇಕು, ಆದರೆ ಯಾರೂ ಓದುವುದಿಲ್ಲ. ಮೈನಸ್ 15 ಎಂದರೆ ಸರ್ವರ್‌ವರೆಗೆ ತಲುಪಲಾಗಲಿಲ್ಲ. ಮೈನಸ್ 97 ಎಂದರೆ ಬಡಿಸುವವನು ಎದ್ದಿಲ್ಲ. ಮೈನಸ್ 4 ಬಂದರೆ ಸಂಪರ್ಕದ ತೊಂದರೆಯೇ ಅಲ್ಲ: ಎಲೆಗಳೆಲ್ಲ ಭರ್ತಿ, ಯಾರೋ ತಂತ್ರಾಂಶ ತೆರೆದಿಟ್ಟು ಕ್ಯಾಂಟೀನಿಗೆ ಹೋಗಿದ್ದಾರೆ. ಮೈನಸ್ 9 ಎಂದರೆ ಸರ್ವರ್‌ನ ಗುರುತು ತಾಳೆಯಾಗುತ್ತಿಲ್ಲ, ಆಗ ಕಾಗದಪತ್ರದ ಕೆಲಸವೇ ಹೆಚ್ಚು, ಏಕೆಂದರೆ ಲೈಸೆನ್ಸನ್ನು ಸಾಮಾನ್ಯವಾಗಿ ಸರ್ವರ್‌ನ ನೆಟ್‌ವರ್ಕ್ ಕಾರ್ಡಿನ ಹನ್ನೆರಡು ಅಕ್ಷರದ ಗುರುತಿಗೆ ಕಟ್ಟಿಹಾಕಿರುತ್ತಾರೆ. ಸಿಡಿಲಿಗೆ ಕಾರ್ಡ್ ಸುಟ್ಟರೆ, ಲೈಸೆನ್ಸ್ ಕಡತ ಹಾಗೇ ಇದ್ದರೂ ಪ್ರಯೋಜನವಿಲ್ಲ. ಕಂಪನಿಗೆ ಬರೆದು ಹೊಸದು ತರಿಸಬೇಕು.

ಇನ್ನು ಹಳೆ ವಿಳಾಸದ ಮೋಹ. ಒಮ್ಮೆ ಲೈಸೆನ್ಸ್ ಸಿಕ್ಕ ಜಾಗವನ್ನು ತಂತ್ರಾಂಶ ವಿಂಡೋಸ್ ರಿಜಿಸ್ಟ್ರಿಯಲ್ಲಿ, ಲಿನಕ್ಸ್ ಆದರೆ ಬಳಕೆದಾರರ ಫೋಲ್ಡರಿನ ಗುಪ್ತ ಕಡತದಲ್ಲಿ ಬರೆದಿಟ್ಟುಕೊಳ್ಳುವುದುಂಟು. ಆ ಸರ್ವರ್ ಗುಜರಿಗೆ ಹೋಗಿದ್ದರೂ ಮತ್ತೆ ಅದರ ಕದ ತಟ್ಟುತ್ತದೆ.

ನಮ್ಮ ಪರೀಕ್ಷೆ ನಲವತ್ತು ನಿಮಿಷ ತಡವಾಗಿ ಶುರುವಾಯಿತು. ಮಕ್ಕಳು ಸರ್ಕ್ಯೂಟ್ ಬರೆಯಲು ಕೂತ ಮೇಲೆ ಎಕ್ಸ್‌ಟರ್ನಲ್ ನನ್ನನ್ನು ಕರೆದು ವರದಿಯ ಹಾಳೆ ಮುಂದಿಟ್ಟರು: "ತಡಕ್ಕೆ ಕಾರಣ ಏನಂತ ಬರೀಲಿ?" ಎರಡು ಪೋರ್ಟ್, ಫೈರ್‌ವಾಲ್, ಅಳಿಸಿಹೋದ ಲಾಗ್ ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿ ತಲೆಯಾಡಿಸಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ದುಂಡಗೆ ಬರೆದರು: ವಿದ್ಯುತ್ ವ್ಯತ್ಯಯ.